ಡೆಲಿವರಿ ಕೆಲಸದ ಬರ್ನ್‌ಔಟ್: ಕೆಲಸ ಜಾಸ್ತಿ ಅನ್ನುವುದಷ್ಟೇ ಕಾರಣವಲ್ಲ

ಡೆಲಿವರಿ ಕೆಲಸದವರಿಗೆ ಬರ್ನ್‌ಔಟ್ ಏಕೆ ಆಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಬರೆಯುವಾಗ, ಬರ್ನ್‌ಔಟ್ ಎಂದರೆ ವಿಪರೀತ ದಣಿವು ಎಂದು ಬರೆದು ಮುಂದೆ ಹೋಗಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಪಟ್ಟಿ ಐಸಿಡಿ-11 ಇದನ್ನು ಕಾಯಿಲೆ ಎನ್ನುವುದಿಲ್ಲ. ಕೆಲಸದ ಜಾಗದ ಒತ್ತಡ ಬಹಳ ಕಾಲ ಹಾಗೇ ಉಳಿದಾಗ ಬರುವ ಸ್ಥಿತಿ ಎನ್ನುತ್ತದೆ. ಲಕ್ಷಣ ಮೂರು: ಶಕ್ತಿ ಬತ್ತುವುದು, ಕೆಲಸದ ಮೇಲೆ ತಾತ್ಸಾರ ಹುಟ್ಟುವುದು, ಮಾಡಿದ್ದು ಯಾವುದೂ ಸರಿಹೋಗುತ್ತಿಲ್ಲ ಅನ್ನಿಸುವುದು. ಮನೋವಿಜ್ಞಾನಿಗಳಾದ ಮಾಸ್ಲಾಕ್ ಮತ್ತು ಜಾಕ್ಸನ್ ಬರ್ನ್‌ಔಟ್ ಅಳೆಯಲು 1981ರಲ್ಲಿ ಕೊಟ್ಟ ಅಳತೆಪಟ್ಟಿಯಲ್ಲೂ ಹೆಚ್ಚುಕಮ್ಮಿ ಇವೇ ಮೂರು ಇವೆ.

ಈಗ ಮುಖ್ಯ ವಿಷಯ, ಕೆಲಸದ ಒತ್ತಡದ ಬಗ್ಗೆ ಸಂಶೋಧಕ ಕರಾಸೆಕ್ ಅವರ 1979ರ ಮಾದರಿ. ಕೆಲಸದ ಬೇಡಿಕೆ ಜಾಸ್ತಿ, ಅದರ ಮೇಲಿನ ಹಿಡಿತ ಕಡಿಮೆ ಇದ್ದರೆ ಒತ್ತಡ ಅತಿ ಹೆಚ್ಚು. ಡೆಲಿವರಿಯವನೊಬ್ಬ ಅಪಾರ್ಟ್‌ಮೆಂಟ್ ಗೇಟಿನಲ್ಲಿ ನಿಂತಿದ್ದಾನೆ ಎಂದುಕೊಳ್ಳಿ. ಗಾರ್ಡ್ ಒಳಗೆ ಬಿಡುತ್ತಿಲ್ಲ, ಗ್ರಾಹಕರು ಫೋನ್ ಎತ್ತುತ್ತಿಲ್ಲ. ಆ್ಯಪ್‌ನಲ್ಲಿ ಸಮಯ ಮಾತ್ರ ಓಡುತ್ತಲೇ ಇದೆ. ತಡಕ್ಕೆ ಅವನು ಕಾರಣನಲ್ಲ, ಆದರೂ ರೇಟಿಂಗ್ ಬೀಳುವುದು ಅವನದೇ. ದಾರಿ, ಆರ್ಡರ್, ಗಡುವು ಎಲ್ಲವನ್ನೂ ಫೋನೇ ತೀರ್ಮಾನಿಸಿರುತ್ತದೆ.

"ಯಾವಾಗ ಬೇಕಾದರೂ ಲಾಗಿನ್ ಆಗಬಹುದಲ್ವಾ, ಹಿಡಿತ ಇದ್ದೇ ಇದೆಯಲ್ಲ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಒಳ್ಳೆಯದೇ. ಆದರೆ ಕರಾಸೆಕ್ ಹೇಳುವ ಹಿಡಿತ ಕೆಲಸವನ್ನು ಹೇಗೆ ಮಾಡಬೇಕು ಎಂದು ತಾನೇ ನಿರ್ಧರಿಸುವ ಅವಕಾಶ. ಅದರ ಮೇಲೆ, ಪ್ರತಿ ಆರ್ಡರ್‌ಗೆ ಇಷ್ಟು ಎಂದು ದುಡ್ಡು ಸಿಗುವಲ್ಲಿ ಲಾಗಿನ್ ಆಗದ ಗಂಟೆಗೆ ಸಂಪಾದನೆಯೂ ಇಲ್ಲ. ಸುಸ್ತಾದರೂ ಇನ್ನೊಂದು ಆರ್ಡರ್ ಮುಗಿಸೋಣ ಅನ್ನಿಸುತ್ತದೆ. ದೇಹ ಚೇತರಿಸಿಕೊಳ್ಳುವ ಹೊತ್ತು ಹೀಗೇ ಕರಗುತ್ತದೆ.

ಸಮಾಜಶಾಸ್ತ್ರಜ್ಞ ಸೀಗ್ರಿಸ್ಟ್ ಅವರ 1996ರ ಮಾದರಿಯನ್ನು ಕರಾಸೆಕ್ ಮಾದರಿಯೊಂದಿಗೆ ಕಲಸಬೇಡಿ. ಅಲ್ಲಿ ತೂಗಿ ನೋಡುವುದು ಹಾಕಿದ ಶ್ರಮವನ್ನು ಮತ್ತು ಸಿಕ್ಕ ಪ್ರತಿಫಲವನ್ನು. ಪ್ರತಿಫಲದಲ್ಲಿ ದುಡ್ಡಿನ ಜೊತೆ ಗೌರವ, ಕೆಲಸದ ಭದ್ರತೆಯೂ ಸೇರುತ್ತವೆ. ಹೋಟೆಲ್ ಮುಂದೆ ಪುಕ್ಕಟೆ ಕಾಯುವುದು, ದಿಢೀರನೆ ಐಡಿ ಬ್ಲಾಕ್ ಆಗುವುದು ಇಲ್ಲಿಗೆ ಬರುತ್ತವೆ.

ಬೈಗುಳ ಕೇಳಿಯೂ ನಗುಮುಖ ತೋರುವುದನ್ನು ವಿವರಿಸಲು ಸಮಾಜಶಾಸ್ತ್ರಜ್ಞೆ ಹಾಕ್‌ಶೀಲ್ಡ್ ಅವರ ಭಾವನಾತ್ಮಕ ದುಡಿಮೆ (1983), ಅಂದರೆ ಕೆಲಸಕ್ಕಾಗಿ ಭಾವನೆಯನ್ನು ಹತೋಟಿಯಲ್ಲಿಡುವುದು ಎಂಬ ಪರಿಕಲ್ಪನೆ ಸಾಕು. ಒಂದೆರಡು ಸಾಲು ಬರೆದರೆ ಆಯಿತು.

ಪರಿಹಾರ ಕೇಳಿದಾಗ ಬಹಳ ಜನ ಧ್ಯಾನ, ವ್ಯಾಯಾಮ ಎಂದು ಬರೆದು ಮುಗಿಸುತ್ತಾರೆ. ನನಗೆ ಅದು ಸಾಲದು. ಕಾಯುವ ಹೊತ್ತಿಗೂ ದುಡ್ಡು, ಡೆಲಿವರಿಯವರ ತಪ್ಪಲ್ಲದ ತಡವನ್ನು ರೇಟಿಂಗ್‌ಗೆ ಸೇರಿಸದಿರುವುದು, ದೂರು ಕೇಳಲು ಒಬ್ಬ ಮನುಷ್ಯ: ಇವನ್ನು ಮೊದಲು ಬರೆಯಿರಿ. ಉದಾಹರಣೆ ಬೇಕಿದ್ದರೆ ಯುರೋಪಿಯನ್ ಒಕ್ಕೂಟದ 2024ರ ಪ್ಲಾಟ್‌ಫಾರ್ಮ್ ಕೆಲಸದ (ಇಂಥ ಆ್ಯಪ್‌ಗಳ ಮೂಲಕ ಸಿಗುವ ಕೆಲಸದ) ನಿರ್ದೇಶನವಿದೆ. ಖಾತೆ ಅಮಾನತು ಮಾಡುವ ತೀರ್ಮಾನವನ್ನು ಮನುಷ್ಯರೇ ತೆಗೆದುಕೊಳ್ಳಬೇಕು, ಅಲ್ಗಾರಿದಮ್‌ಗೆ ಬಿಡುವಂತಿಲ್ಲ ಎನ್ನುತ್ತದೆ ಅದು.