ಹಳೆಯ ವಿದ್ಯಾರ್ಥಿಗಳ ದೇಣಿಗೆ: ಖರ್ಚಿನ ಹಣ ಮತ್ತು ದತ್ತಿಯ ಹಣ

ಸಣ್ಣ ಖಾಸಗಿ ಕಾಲೇಜಿನ ನಿಧಿ ಸಂಗ್ರಹವನ್ನು ಅಭ್ಯಾಸ ಮಾಡುವವರು ಮೊದಲು ‘ಡೊನೇಷನ್’ ಎಂಬ ಪದವನ್ನು ಬದಿಗಿಡಬೇಕು. ಹುಬ್ಬಳ್ಳಿ-ಧಾರವಾಡದ ಪಾಲಕರ ಬಾಯಲ್ಲಿ ಅದು ಸೀಟಿಗಾಗಿ ತೆರುವ ಹಣವೆಂದೇ ರೂಢಿಯಾಗಿದೆ. ಅಂಥ ವಸೂಲಿಯನ್ನು ಕರ್ನಾಟಕದಲ್ಲಿ 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯಿದೆ ತಡೆದಿದೆ. ಕೊಟ್ಟವರಿಗೆ ಮರಳಿ ಏನೂ ದಕ್ಕದಿದ್ದಾಗ ಮಾತ್ರ ಅದು ದೇಣಿಗೆ. ಓದು ಮುಗಿಸಿ ಹೋದವರಿಗೆ ಸೀಟು ಬೇಕಿಲ್ಲವಾದ್ದರಿಂದ ಅವರ ಕೊಡುಗೆಯ ಮೇಲೆ ಈ ಸಂಶಯ ಬೀಳುವುದು ಕಡಿಮೆ. ಅವರ ಮಗಳೇ ಈ ವರ್ಷ ಅದೇ ಕಾಲೇಜಿಗೆ ಅರ್ಜಿ ಹಾಕಿದ್ದರೆ, ಈ ವರ್ಷ ಅವರನ್ನು ಕೇಳದಿರುವುದು ಲೇಸು.

ನಮ್ಮ ಭಾಗದಲ್ಲಿ ವಿದ್ಯೆಗೆ ಹಣ ಕೊಡುವುದು ಹೊಸದಲ್ಲ. 1916ರಲ್ಲಿ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕಟ್ಟಿದ ಕೆ.ಎಲ್.ಇ. ಸಂಸ್ಥೆ ದಾನಿಗಳ ಬಲದಿಂದಲೇ ಬೆಳೆಯಿತು. 1947ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಅದರ ಎಂಜಿನಿಯರಿಂಗ್ ಕಾಲೇಜು ದಾನಿ ಭೂಮರಡ್ಡಿಯವರ ಹೆಸರನ್ನು ಹೊತ್ತಿತ್ತು. ಕಾಲೇಜು ಹುಟ್ಟುವ ಮೊದಲೇ ಕೊಟ್ಟವರು ಅದರ ವಿದ್ಯಾರ್ಥಿಗಳಾಗಿರಲು ಸಾಧ್ಯವಿರಲಿಲ್ಲ. ಅವರದು ಒಮ್ಮೆಗೆ ಕೊಟ್ಟ ದೊಡ್ಡ ಮೊತ್ತ. ಓದಿ ಹೋದವರಿಂದ ವರ್ಷವರ್ಷವೂ ಸಣ್ಣ ಮೊತ್ತ ಕೂಡಿಸುವ ಪದ್ಧತಿ ಬೇರೆಯದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅಂಥ ನಿಧಿ ಆರಂಭವಾದದ್ದು 1890ರಲ್ಲಿ, ಅಂದರೆ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ ವರ್ಷದಲ್ಲೇ. ಗಣೇಶೋತ್ಸವಕ್ಕೆ ಓಣಿಯಲ್ಲಿ ಪಟ್ಟಿ (ವಂತಿಗೆ) ಎತ್ತುವುದನ್ನು ಬಲ್ಲ ನಮಗೆ ಇದು ಹೊಸ ವಿದ್ಯೆಯೇನಲ್ಲ.

ಹೀಗೆ ವರ್ಷವರ್ಷ ಕೂಡಿಸಿದ ಪಟ್ಟಿಯ ಹಣ ಅದೇ ವರ್ಷ ಖರ್ಚಾಗತಕ್ಕದ್ದು: ಬಡ ವಿದ್ಯಾರ್ಥಿಯ ಪರೀಕ್ಷಾ ಶುಲ್ಕ, ಗ್ರಂಥಾಲಯದ ಪುಸ್ತಕ, ಪ್ರಯೋಗಾಲಯದ ಸಾಮಾನು. ದತ್ತಿಯ ಹಣದಲ್ಲಿ ಅಸಲನ್ನು ಮುಟ್ಟದೆ ಬಡ್ಡಿಯನ್ನಷ್ಟೇ ಬಳಸಬೇಕು. ಇವೆರಡನ್ನೂ ಒಂದೇ ಖಾತೆಗೆ ಜಮೆ ಮಾಡಿ, ಸಂಬಳ ತಡವಾದ ತಿಂಗಳಲ್ಲಿ ದತ್ತಿಗೆ ಕೈಹಾಕುವುದೇ ಸಣ್ಣ ಕಾಲೇಜು ಮಾಡಬಹುದಾದ ಅತಿ ದೊಡ್ಡ ತಪ್ಪೆಂದು ನನ್ನ ಅಭಿಪ್ರಾಯ.

ದತ್ತಿಯ ಲೆಕ್ಕವನ್ನು ಕೈಯಾರೆ ಮಾಡಿ ನೋಡಬೇಕು. ನಲವತ್ತು ವರ್ಷದ ಹಿಂದೆ ಒಂದು ತಂಡದವರು ಚಿನ್ನದ ಪದಕಕ್ಕೆಂದು 10,000 ರೂಪಾಯಿ ಇಟ್ಟರೆಂದುಕೊಳ್ಳೋಣ. ಶೇ. 10ರ ಬಡ್ಡಿಯಿದ್ದಾಗ ವರ್ಷಕ್ಕೆ 1,000 ರೂಪಾಯಿ ಬರುತ್ತಿತ್ತು, ಇಂದು ಶೇ. 7ರಂತೆ ಬರುವುದು 700, ಅದರಲ್ಲಿ ಒಂದು ಗ್ರಾಂ ಚಿನ್ನವೂ ಬಾರದು. ಆದ್ದರಿಂದ ಬಂದ ಬಡ್ಡಿಯನ್ನೆಲ್ಲ ಹಂಚದೆ ಒಂದು ಪಾಲನ್ನು ಅಸಲಿಗೆ ಸೇರಿಸಬೇಕು. 5 ಲಕ್ಷದ ದತ್ತಿಗೆ ಬರುವ 35,000ದಲ್ಲಿ 20,000ವನ್ನು ವಿದ್ಯಾರ್ಥಿವೇತನಕ್ಕೆ ಕೊಟ್ಟು 15,000ವನ್ನು ಅಸಲಿಗೆ ಕೂಡಿಸಿದರೆ, ಅಂದರೆ ಅಸಲನ್ನು ವರ್ಷಕ್ಕೆ ಶೇ. 3ರಂತೆ ಬೆಳೆಸುತ್ತ ಹೋದರೆ, ಹತ್ತು ವರ್ಷಕ್ಕೆ ಅದು ಸುಮಾರು 6.7 ಲಕ್ಷವಾಗುತ್ತದೆ. ಧರ್ಮಾರ್ಥ ಸಂಸ್ಥೆಯು ವರ್ಷದ ಆದಾಯದ ಶೇ. 85ನ್ನು ವಿನಿಯೋಗಿಸಬೇಕೆಂಬ ತೆರಿಗೆ ನಿಯಮ ಇದಕ್ಕೆ ಅಡ್ಡಿಯಲ್ಲವೇ ಎಂದು ಕೇಳಬಹುದು. ಆ ಲೆಕ್ಕ ಇಡೀ ಸಂಸ್ಥೆಯ ಆದಾಯದ ಮೇಲೆಯೇ ಹೊರತು ಒಂದೊಂದು ದತ್ತಿಯ ಮೇಲಲ್ಲ.

ದಾನಿಯ ಪತ್ರ ಇಲ್ಲಿ ಬಹಳ ಮುಖ್ಯ. ಈ ಹಣ ಅಸಲಾಗಿಯೇ ಉಳಿಯಬೇಕಾದ ಮೂಲನಿಧಿಗೆಂದು ದಾನಿಯೇ ನಿರ್ದಿಷ್ಟವಾಗಿ ತಿಳಿಸಿದ್ದರೆ ಮಾತ್ರ ತೆರಿಗೆ ಕಾಯಿದೆ ಅದನ್ನು ಹಾಗೆಂದು ಪರಿಗಣಿಸುತ್ತದೆ. ‘ಕಾಲೇಜಿನ ಅಭಿವೃದ್ಧಿಗೆ’ ಎಂದಷ್ಟೇ ಬರೆದರೆ ಸಾಲದು. ದತ್ತಿ ಯಾವ ವಿಷಯಕ್ಕೆ ಮೀಸಲೋ ಆ ವಿಭಾಗವೇ ಮುಂದೆ ಮುಚ್ಚಿದರೆ ಬಡ್ಡಿಯನ್ನು ಯಾವುದಕ್ಕೆ ಬಳಸಬೇಕೆಂಬುದನ್ನೂ ಆ ಪತ್ರದಲ್ಲೇ ಬರೆಸಿಕೊಳ್ಳಬೇಕು. ದಾನಿ ತೀರಿಹೋದ ಮೇಲೆ ಕೇಳಲು ಯಾರೂ ಇರುವುದಿಲ್ಲ.

ತೆರಿಗೆ ರಿಯಾಯಿತಿಯನ್ನು ಹೆಚ್ಚು ಹೊಗಳಿ ಹೇಳಬಾರದು. 1961ರ ಆದಾಯ ತೆರಿಗೆ ಕಾಯಿದೆಯ 80ಜಿ ಕಲಮಿನಡಿ ಇಂಥ ಸಂಸ್ಥೆಗೆ ಕೊಟ್ಟದ್ದರಲ್ಲಿ ಅರ್ಧವನ್ನು, ಅದೂ ಮಿತಿಗೊಳಪಟ್ಟು, ದಾನಿಯ ಆದಾಯದಿಂದ ಕಳೆಯಬಹುದಿತ್ತು; 2,000 ರೂಪಾಯಿ ಮೀರಿದ ನಗದಿಗೆ ಆ ಸೌಲಭ್ಯವಿರಲಿಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗಂತೂ ಇಲ್ಲವೇ ಇಲ್ಲ.

ವಿದೇಶದಲ್ಲಿರುವವರ ವಿಷಯದಲ್ಲಿ ಎಡವುವುದು ಸುಲಭ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು ಹೊರಗೆ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿ ತನ್ನ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಆತನ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಗೆಳೆಯ ಅಮೆರಿಕದ ಪೌರತ್ವ ಪಡೆದಿದ್ದರೆ, ಊರು ಧಾರವಾಡವೇ ಆದರೂ ಆತನ ಹಣಕ್ಕೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಹಣ ಬರುವ ಮೊದಲೇ ಪೌರತ್ವ ಕೇಳುವುದು ಮುಜುಗರವೆನಿಸಿದರೂ ಕೇಳಲೇಬೇಕು.

ಯಾರು ಕೇಳಬೇಕು? ಆಡಳಿತ ಮಂಡಳಿಯ ಮುದ್ರಿತ ಮನವಿಗಿಂತ, ಪಾಠ ಹೇಳಿ ನಿವೃತ್ತರಾದ ಸರ್ ಒಬ್ಬರ ನಾಲ್ಕು ಸಾಲಿನ ಪತ್ರಕ್ಕೆ ತೂಕ ಹೆಚ್ಚು. ಒಬ್ಬರಿಂದ ಬಂದ 2 ಲಕ್ಷಕ್ಕೂ ಇನ್ನೂರು ಜನರಿಂದ ಸಾವಿರದಂತೆ ಬಂದ 2 ಲಕ್ಷಕ್ಕೂ ಮೊತ್ತದಲ್ಲಿ ವ್ಯತ್ಯಾಸವಿಲ್ಲ. ಆದರೆ ಮುಂದಿನ ವರ್ಷ ಆ ಒಬ್ಬರು ಕೈಬಿಟ್ಟರೆ ಏನೂ ಉಳಿಯದು, ಇನ್ನೂರರಲ್ಲಿ ಐವತ್ತು ಜನ ಬಿಟ್ಟರೂ ಒಂದೂವರೆ ಲಕ್ಷ ಉಳಿದಿರುತ್ತದೆ. ಎರಡನೆಯ ವರ್ಷದ ಮನವಿಗೆ ಮೊದಲು ಮೊದಲನೆಯ ವರ್ಷದ ಜಮಾ-ಖರ್ಚು ಆ ಇನ್ನೂರು ಜನರ ಕೈಸೇರಿರಬೇಕು; ಅದರಲ್ಲಿ ಪಟ್ಟಿಯ ಹಣ ಒಂದು ಕಡೆ, ದತ್ತಿಯ ಅಸಲು ಮತ್ತು ಬಡ್ಡಿ ಇನ್ನೊಂದು ಕಡೆ, ಬೇರೆಬೇರೆಯಾಗಿ ಕಾಣಬೇಕು.