ಓದುಗರ ಪ್ರಶ್ನೆ: ಕ್ಯಾಂಪಿಂಗ್, ಮೀನು, ಜಿಂಕೆ ಬೇಟೆ, ಮೂರಕ್ಕೂ ಒಂದೇ ರಿವಾಲ್ವರ್ ಸಾಕೇ?

ಪ್ರಶ್ನೆ: ನಾವಿರುವುದು ಅಮೆರಿಕದ ಒಹಾಯೊದಲ್ಲಿ. ಬೇಸಿಗೆಯಲ್ಲಿ ಕ್ಯಾಂಪಿಂಗ್, ಬಿಡುವಾದಾಗ ಹೊಳೆಯಲ್ಲಿ ಮೀನು, ಚಳಿಗಾಲಕ್ಕೆ ಜಿಂಕೆ ಬೇಟೆ. ಮೂರಕ್ಕೂ ಸೇರಿ ಒಂದೇ ರಿವಾಲ್ವರ್ ಕೊಳ್ಳುವುದಾದರೆ ಯಾವುದು? ಅಂಗಡಿಯವರು ನಾಲ್ಕು ಇಂಚು ನಳಿಗೆಯ .357 ಮ್ಯಾಗ್ನಮ್ ತೋರಿಸಿದ್ದಾರೆ.

ಉತ್ತರ: ಆ ನಾಲ್ಕು ಇಂಚಿನದನ್ನು ಸದ್ಯಕ್ಕೆ ಕೆಳಗಿಡಿ. ಕೋವಿ ಒಳ್ಳೆಯದೇ, ಆದರೆ ಒಹಾಯೊದಲ್ಲಿ ಅದರಿಂದ ಜಿಂಕೆ ಹೊಡೆಯುವಂತಿಲ್ಲ. ಅಲ್ಲಿನ ನಿಯಮದ ಪ್ರಕಾರ ನಳಿಗೆ ಕನಿಷ್ಠ 5 ಇಂಚು ಇರಬೇಕು, ತೋಟಾ ಕತ್ತು ಕಿರಿದಾಗದೆ ನೆಟ್ಟಗಿರಬೇಕು, ಗುಂಡಿನ ಅಡ್ಡಳತೆ .357 ಇಂಚು ಅಥವಾ ಅದಕ್ಕಿಂತ ದಪ್ಪ. ಪಕ್ಕದ ಇಂಡಿಯಾನಾದಲ್ಲಿ 4 ಇಂಚಿನ ನಳಿಗೆ ನಡೆಯುತ್ತದೆ, ಆದರೆ ಗುಂಡು ಬಿಟ್ಟು ಬರೀ ಕೇಸಿನ (ತೋಟಾದ ಲೋಹದ ಕವಚದ) ಉದ್ದ 1.16 ಇಂಚು ಇರಬೇಕು. .38 ಸ್ಪೆಷಲ್ ತೋಟಾದ ಕೇಸು 1.155 ಇಂಚು. ಕೂದಲೆಳೆಯಷ್ಟರಲ್ಲಿ ಅದು ಹೊರಗೆ! ಆದ್ದರಿಂದ ಮೊದಲು ನಿಮ್ಮ ರಾಜ್ಯದ ಆ ವರ್ಷದ ಬೇಟೆ ನಿಯಮಪುಸ್ತಕ, ಆಮೇಲೆ ಅಂಗಡಿ.

ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದದ್ದು ವೀಸಾ. ಎಚ್-1ಬಿ, ಎಚ್-4ರಂಥ ವೀಸಾದಲ್ಲಿ ಇರುವವರು ಕೋವಿ ಅಥವಾ ಗುಂಡು ಇಟ್ಟುಕೊಳ್ಳುವುದೇ ಸಾಮಾನ್ಯವಾಗಿ ಫೆಡರಲ್ ಅಪರಾಧ. ಇದಕ್ಕಿರುವ ವಿನಾಯಿತಿಗಳಲ್ಲಿ ನಮ್ಮವರಿಗೆ ಹೊಂದುವುದು ಒಂದೇ: ಅಲ್ಲಿನ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಎಡವುವುದು ಖರೀದಿಯಲ್ಲಲ್ಲ, ನಂತರ. ಲೈಸೆನ್ಸ್ ಅವಧಿ ಮುಗಿದ ಮರುದಿನ ಬೀರುವಿನಲ್ಲಿರುವ ಕೋವಿಯೇ ಅಪರಾಧವಾಗುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ಕಟ್ಟು ಇಲ್ಲ. ಅನುಮಾನವಿದ್ದರೆ ವಲಸೆ ವಕೀಲರಿಗೆ ಒಂದು ಗಂಟೆಯ ಫೀಸು ಕೊಡಿ. ಕೋವಿಯ ಬೆಲೆಗಿಂತ ವೀಸಾ ದುಬಾರಿ.

ಇನ್ನು ಆಯ್ಕೆ. ಕ್ಯಾಂಪಿಗೆ ಹಗುರವಾಗಿ, ಗಿಡ್ಡಕ್ಕೆ ಇರಲಿ ಅನಿಸುತ್ತದೆ. ಹೊಳೆಗೆ ತುಕ್ಕು ಹಿಡಿಯದ್ದು ಬೇಕು. ಜಿಂಕೆಗೆ ತೂಕ, ಉದ್ದ, ಏಟು ಮೂರೂ ಬೇಕು. ಇವುಗಳಲ್ಲಿ ಚೌಕಾಸಿ ನಡೆಯದಿರುವುದು ಜಿಂಕೆಯ ಜೊತೆಗೆ ಮಾತ್ರ. ಗಾಯಗೊಂಡು ಓಡಿಹೋದ ಪ್ರಾಣಿಯ ಪಾಪ ಹೊಡೆದವನದ್ದೇ. ಹಾಗಾಗಿ ನಮ್ಮ ಸಲಹೆ: 5ರಿಂದ 6 ಇಂಚು ನಳಿಗೆಯ, ಸ್ಟೇನ್‌ಲೆಸ್ ಸ್ಟೀಲಿನ, ಡಬಲ್ ಆ್ಯಕ್ಷನ್ (ಟ್ರಿಗರ್ ಎಳೆದರೆ ಸಾಕು, ತೋಟಾಕ್ಕೆ ಬಡಿಯುವ ಹ್ಯಾಮರ್ ತಾನೇ ಏಳುವ) .44 ಮ್ಯಾಗ್ನಮ್. ಸ್ಮಿತ್ ಅಂಡ್ ವೆಸ್ಸನ್ 629, ರೂಗರ್ ರೆಡ್‌ಹಾಕ್ ಈ ಅಳತೆಯವು. ಖಾಲಿ ತೂಕ ಸುಮಾರು ಒಂದೂಕಾಲು ಕಿಲೋ ಮೇಲೆ.

.357 ಯಾಕಲ್ಲ? 158 ಗ್ರೇನ್ (ಗುಂಡಿನ ತೂಕದ ಸಣ್ಣ ಅಳತೆ) ಗುಂಡು ಸೆಕೆಂಡಿಗೆ 1,250 ಅಡಿ ವೇಗದಲ್ಲಿ ಹೊರಟರೆ ಶಕ್ತಿ ಸುಮಾರು 550 ಅಡಿ-ಪೌಂಡ್. .44 ಮ್ಯಾಗ್ನಮ್‌ನ 240 ಗ್ರೇನ್ ಗುಂಡು 1,200ರಿಂದ 1,350 ಅಡಿ ವೇಗದಲ್ಲಿ 770ರಿಂದ 970 ಮುಟ್ಟುತ್ತದೆ, ಜೊತೆಗೆ ಅಗಲವಾದ ಗಾಯ. .357ರಿಂದ ಜಿಂಕೆ ಬೀಳುವುದಿಲ್ಲ ಎಂದಲ್ಲ. 158 ಅಥವಾ 180 ಗ್ರೇನಿನ ಬೇಟೆ ಗುಂಡು, 50 ಗಜದೊಳಗೆ, ಮಗ್ಗುಲಾಗಿ ನಿಂತ ಜಿಂಕೆ, ಗುಂಡು ಮುಂಗಾಲಿನ ಹಿಂದೆಯೇ, ಇಷ್ಟೂ ಕೂಡಿದರೆ ಸಾಕು. ತಪ್ಪಿಗೆ ಅಲ್ಲಿ ಜಾಗ ಕಡಿಮೆ, ಅಷ್ಟೆ. ಕೈ ಸಣ್ಣದು, ಒದೆತಕ್ಕೆ ಬೆಚ್ಚುತ್ತೀರಿ ಎಂದಾದರೆ 6 ಇಂಚಿನ .357 ತೆಗೆದುಕೊಳ್ಳುವುದೇ ಜಾಣತನ. ಬೆಚ್ಚಿ ಹೊಡೆದ .44ಗಿಂತ ನೆಟ್ಟಗೆ ಹೊಡೆದ .357 ಮೇಲು.

ಎರಡರಲ್ಲೂ ಒಂದು ಅನುಕೂಲವಿದೆ. .357ರಲ್ಲಿ .38 ಸ್ಪೆಷಲ್, .44 ಮ್ಯಾಗ್ನಮ್‌ನಲ್ಲಿ .44 ಸ್ಪೆಷಲ್ ತೋಟಾ ಹಾಕಿ ಹೊಡೆಯಬಹುದು. ಒದೆತ, ಸದ್ದು ಎರಡೂ ಕಡಿಮೆ. ಅಭ್ಯಾಸಕ್ಕೂ ಕ್ಯಾಂಪಿಗೂ ಅದೇ ಸಾಕು. ಆದರೆ ಗಿಡ್ಡ ತೋಟಾದ ಕೇಸು ಸುಮಾರು ಎಂಟನೇ ಒಂದು ಇಂಚು ಕುಳ್ಳಗಿರುವುದರಿಂದ, ಅದರ ಬಾಯಿಯ ಮುಂದೆ ತೋಟಾ ತುಂಬುವ, ತಿರುಗುವ ಸಿಲಿಂಡರಿನ ಗೂಡಿನೊಳಗೆ ಮಸಿ ಉಂಗುರದ ಹಾಗೆ ಕಟ್ಟುತ್ತದೆ. ಇನ್ನೂರು ಈಡು ಹೊಡೆದು, ಉಜ್ಜದೆ ಮ್ಯಾಗ್ನಮ್ ತುಂಬಿದರೆ ಒಳಗೆ ಪೂರ್ತಿ ಇಳಿಯುವುದಿಲ್ಲ, ಅಥವಾ ಹೊಡೆದ ಮೇಲೆ ಕೇಸು ಕಚ್ಚಿಕೊಂಡು ಈಚೆ ಬರುವುದಿಲ್ಲ. ಸಾಲ್ವೆಂಟ್ ಹಾಕಿ ಹತ್ತು ನಿಮಿಷ ಬಿಟ್ಟು, ಹಿತ್ತಾಳೆ ಕುಂಚದಿಂದ ಆರೂ ಗೂಡುಗಳನ್ನು ಉಜ್ಜಿ. ತೋಟಾ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ, ಆದ್ದರಿಂದ ಸೈಟ್ (ಗುರಿ ನೋಡುವ ಭಾಗ) ಹೊಂದಿಸುವುದು ಬೇಟೆಯ ತೋಟಾದಿಂದಲೇ.

ಅತಿ ಹಗುರದ .44ಗಳಿಗೆ ಮರುಳಾಗಬೇಡಿ. ಸ್ಕ್ಯಾಂಡಿಯಂ ಎಂಬ ಲೋಹ ಬೆರೆತ 700 ಗ್ರಾಂ ಆಸುಪಾಸಿನ ಕೋವಿ ಸೊಂಟಕ್ಕೆ ಹಿತ, ಅಂಗೈಗೆ ಶಿಕ್ಷೆ. ಇನ್ನೂ ಕೆಟ್ಟದ್ದು: ಜೋರು ಒದೆತಕ್ಕೆ ಇನ್ನೂ ಹೊಡೆಯದ ತೋಟಾಗಳ ಗುಂಡು ಕೇಸಿನಿಂದ ಮುಂದಕ್ಕೆ ಜಾರಿ, ಸಿಲಿಂಡರಿನ ಮುಂಭಾಗದಿಂದ ಹೊರಚಾಚಿ, ಸಿಲಿಂಡರ್ ತಿರುಗದ ಹಾಗೆ ಕಚ್ಚಿಕೊಳ್ಳಬಹುದು.

ಹಳೆಯದನ್ನು ಕೊಳ್ಳುವಾಗ ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಿ, ಮೊದಲು ಸಿಲಿಂಡರ್ ತೆರೆದು ಖಾಲಿ ಎಂದು ಖಚಿತ ಮಾಡಿಕೊಂಡು. ಬೆರಳನ್ನು ಸಿಲಿಂಡರಿಗೆ ಹಗುರವಾಗಿ ಒತ್ತಿ ಹಿಡಿದು ಹ್ಯಾಮರನ್ನು ಹೆಬ್ಬೆರಳಿನಿಂದ ನಿಧಾನ ಎಳೆಯಿರಿ. ಹ್ಯಾಮರ್ ನಿಲ್ಲುವಷ್ಟರಲ್ಲಿ ಸಿಲಿಂಡರ್ ಟಕ್ ಎಂದು ಲಾಕ್ ಆಗಿರಬೇಕು, ಆರೂ ಗೂಡುಗಳಲ್ಲಿ. ಆಗದಿದ್ದರೆ ಗುಂಡು ನಳಿಗೆಯ ಬಾಯಿಗೆ ಓರೆಯಾಗಿ ತಾಗಿ ಸೀಸ ಸಿಡಿಯುತ್ತದೆ. ಎರಡನೆಯದು, ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು. ಸಂದು ಅಳೆಯುವ ಫೀಲರ್ ಗೇಜ್‌ನಲ್ಲಿ 0.004ರಿಂದ 0.008 ಇಂಚು ಬಂದರೆ ಸರಿ. 0.010 ದಾಟಿದರೆ ಬಿಟ್ಟುಬಿಡಿ. (ಈ ಸಂದಿನಿಂದ ಬೆಂಕಿಯಂಥ ಗಾಳಿ ಪಕ್ಕಕ್ಕೆ ಸಿಡಿಯುತ್ತದೆ, ಬೆರಳು ಅಲ್ಲಿಗೆ ಬರಕೂಡದು.) ಮೂರನೆಯದು ರೂಗರ್‌ನ ಹಳೆಯ, ಪ್ರತಿ ಸಲವೂ ಹ್ಯಾಮರನ್ನು ಕೈಯಿಂದ ಎಳೆಯಬೇಕಾದ ಸಿಂಗಲ್ ಆ್ಯಕ್ಷನ್‌ಗಳಿಗೆ: 1973ಕ್ಕಿಂತ ಮುಂಚಿನವಕ್ಕೆ, ಟ್ರಿಗರ್ ಎಳೆಯದೆ ಈಡು ಹಾರದಂತೆ ತಡೆಯುವ ಟ್ರಾನ್ಸ್‌ಫರ್ ಬಾರ್ ಇಲ್ಲ. ಅದನ್ನು ಆಮೇಲೆ ಹಾಕಿಸಿರದಿದ್ದರೆ ಹ್ಯಾಮರ್ ಕೆಳಗಿನ ಗೂಡು ಖಾಲಿ ಬಿಟ್ಟು ಐದೇ ತುಂಬಬೇಕು. ಇಲ್ಲವಾದರೆ ಬಂಡೆಯ ಮೇಲೆ ಬಿದ್ದ ಏಟಿಗೇ ಈಡು ಹಾರಬಹುದು.

ಹೊಳೆಯ ವಿಷಯ. ಸ್ಟೇನ್‌ಲೆಸ್ ಎಂದರೆ ತುಕ್ಕೇ ಹಿಡಿಯದ್ದು ಎಂದಲ್ಲ, ನಿಧಾನವಾಗಿ ಹಿಡಿಯುವುದು. ಒದ್ದೆಯಾದ ಚರ್ಮದ ಹೋಲ್‌ಸ್ಟರಿನಲ್ಲಿ ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಸ್ಕ್ರೂ ತಲೆಗಳಲ್ಲಿ ಕೆಂಪು ಚುಕ್ಕೆ ಕಾಣುತ್ತದೆ. ವೇಡರ್ಸ್ (ನೀರು ಒಳಬಿಡದ ಉದ್ದ ಉಡುಪು) ಹಾಕಿ ನೀರಿಗಿಳಿಯುವವರಿಗೆ ಸೊಂಟ ಆಗಿಬರುವುದಿಲ್ಲ. ಎದೆಗೆ ಕಟ್ಟುವ ನೈಲಾನ್ ಅಥವಾ ಕೈಡೆಕ್ಸ್ (ಗಟ್ಟಿ ಪ್ಲಾಸ್ಟಿಕ್) ಹೋಲ್‌ಸ್ಟರ್ ತೆಗೆದುಕೊಳ್ಳಿ. ಮೀನಿಗೆ ಗುಂಡು ಹೊಡೆಯುವ ಯೋಚನೆ ಮಾತ್ರ ಬೇಡ. ಹೆಚ್ಚಿನ ರಾಜ್ಯಗಳಲ್ಲಿ ಅದು ಅಪರಾಧ, ನೀರಿಗೆ ತಾಗಿದ ಗುಂಡು ಎಗರಿ ಎತ್ತಲೋ ಹೋಗುತ್ತದೆ. (ವರ್ಮಾಂಟ್‌ನ ಶಾಂಪ್ಲೇನ್ ಸರೋವರದಲ್ಲಿ ವಸಂತಕಾಲದಲ್ಲಿ ಪೈಕ್ ಮೀನಿಗೆ ಕಾನೂನುಬದ್ಧವಾಗಿ ಗುಂಡು ಹೊಡೆಯುತ್ತಾರೆ. ವಿಚಿತ್ರ, ಆದರೆ ನಿಜ.)

ಕ್ಯಾಂಪಿನಲ್ಲಿ ಹಾವಿಗೆಂದು ಸಣ್ಣ ಚರೆ ತುಂಬಿದ ತೋಟಾ ಮಾರುತ್ತಾರೆ. ಒಹಾಯೊದಲ್ಲಿ ಟಿಂಬರ್ ರ್‍ಯಾಟಲ್‌ಸ್ನೇಕ್ ಅಳಿವಿನಂಚಿನ ಪಟ್ಟಿಯಲ್ಲಿದೆ. ಅದನ್ನು ಕೊಂದರೆ ದಂಡ, ದೂರ ಸರಿದರೆ ಖರ್ಚಿಲ್ಲ. ರಾಷ್ಟ್ರೀಯ ಉದ್ಯಾನಗಳಲ್ಲಿ 2010ರ ಫೆಬ್ರವರಿಯಿಂದ ಆಯಾ ರಾಜ್ಯದ ಕಾನೂನಿನಂತೆ ಕೋವಿ ಇಟ್ಟುಕೊಳ್ಳಬಹುದು, ಆದರೆ ಹೊಡೆಯುವಂತಿಲ್ಲ, ಅಲ್ಲಿನ ಸರಕಾರಿ ಕಟ್ಟಡಗಳೊಳಗೆ ಒಯ್ಯುವಂತೆಯೂ ಇಲ್ಲ.

ಕೊನೆಗೆ ದೂರ. ಎಂಟು ಇಂಚಿನ ಪೇಪರ್ ಪ್ಲೇಟ್ ಸುಮಾರಾಗಿ ಜಿಂಕೆಯ ಮರ್ಮಭಾಗದಷ್ಟಿರುತ್ತದೆ. ಅದನ್ನು 25 ಗಜಕ್ಕೆ ನಿಲ್ಲಿಸಿ, ಕಿವಿಗೆ ರಕ್ಷಣೆ ಹಾಕಿ, ಬೆಂಚ್ ಇಲ್ಲದೆ, ಕಾಡಿನಲ್ಲಿ ಕೂರುವ ಹಾಗೆ ಮಂಡಿಯೂರಿ ಹ್ಯಾಮರ್ ಎಳೆದುಕೊಂಡು ಆರು ಈಡು ಹೊಡೆಯಿರಿ. ಆರೂ ಪ್ಲೇಟಿನೊಳಗಿದ್ದರೆ ಐದು ಗಜ ಹಿಂದೆ ಹೋಗಿ. ಒಂದು ತಪ್ಪಿದ ಕೂಡಲೆ ಅದರ ಹಿಂದಿನ ಅಳತೆಯೇ ಈ ವರ್ಷದ ನಿಮ್ಮ ಗರಿಷ್ಠ ದೂರ, ತೋಟಾ ಡಬ್ಬಿಯ ಮೇಲೆ ಏನೇ ಬರೆದಿರಲಿ.