ಓದುಗರ ಪ್ರಶ್ನೆ: ಕಾರ್ಯಕ್ರಮದ ಪುಟಕ್ಕೆ ಯಾವ ವಿಳಾಸ ಇಡಬೇಕು?

ಪ್ರಶ್ನೆ: ನಮ್ಮದು ತಾಳಮದ್ದಳೆ ಕೂಟ. ತಿಂಗಳಿಗೊಂದು ಪ್ರಸಂಗವನ್ನು ಆನ್‌ಲೈನಿನಲ್ಲಿ ನಡೆಸುತ್ತೇವೆ. ಪ್ರೊಫೈಲಿಗೆ ಸ್ವಂತ ವೆಬ್ ವಿಳಾಸ ಆರಿಸಿಕೊಳ್ಳಿ ಎಂದು ಕೇಳುತ್ತಿದೆ. ‘ಬೆಂಗಳೂರು’, ‘ಉಚಿತ’, ‘ಆನ್‌ಲೈನ್’, ‘ತಾಳಮದ್ದಳೆ’ ಎಲ್ಲವನ್ನೂ ಸೇರಿಸಿದರೆ ಗೂಗಲಿನಲ್ಲಿ ಮೊದಲು ಬರುತ್ತದಂತೆ. ಹಾಗೇ ಇಡಲೇ?

ಬೇಡ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕಳೆದ ಸಲ ಸುಗಮ ಸಂಗೀತದವರು ಕೇಳಿದ್ದರು, ಅದಕ್ಕೂ ಹಿಂದೆ ಯೋಗ ಶಿಬಿರದವರು. ಕಲೆ ಬದಲಾಗುತ್ತದೆ, ಊರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಒಂದಕ್ಷರ ಕದಲುವುದಿಲ್ಲ. ಆದ್ದರಿಂದ ಈ ಸಲ ಉದ್ದವಾಗಿಯೇ ಬರೆದುಬಿಡುತ್ತೇನೆ. ಮುಂದೆ ಕೇಳಿದವರ ಕೈಗೆ ಇದನ್ನೇ ಕೊಟ್ಟು ಸುಮ್ಮನಾಗಬಹುದು.

ವಿಳಾಸದಲ್ಲಿ ಇರಬೇಕಾದದ್ದು ಕೂಟದ ಹೆಸರು ಮಾತ್ರ. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, 5ಕ್ಕೆ ಕಡಿಮೆಯಿಲ್ಲದಂತೆ, 15 ದಾಟದಂತೆ. ಚುಕ್ಕೆ, ಹೈಫನ್, ಅಂಡರ್‌ಸ್ಕೋರ್ ಯಾವುದೂ ಬೇಡ. ಇದು ನನ್ನ ಮಡಿವಂತಿಕೆಯಲ್ಲ. ಫೇಸ್‌ಬುಕ್ 5 ಅಕ್ಷರಕ್ಕಿಂತ ಚಿಕ್ಕ ಹೆಸರನ್ನು ಒಪ್ಪುವುದಿಲ್ಲ. ನಡುವೆ ಚುಕ್ಕೆ ಇಟ್ಟರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಕ್ಸ್ (ಹಳೆಯ ಟ್ವಿಟರ್) 15ಕ್ಕೆ ತಡೆಯುತ್ತದೆ. ಅಲ್ಲಿ ಅಂಡರ್‌ಸ್ಕೋರ್ ನಡೆಯುತ್ತದೆ, ಹೈಫನ್ ನಡೆಯುವುದಿಲ್ಲ. ಕಾರ್ಯಕ್ರಮಗಳ ಪುಟ ತೆರೆಯುವ ಈವೆಂಟ್‌ಬ್ರೈಟ್‌ನಂತೆ ತನ್ನ ವಿಳಾಸದ ಮೊದಲಿಗೆ ನಿಮ್ಮ ಹೆಸರನ್ನು ಅಂಟಿಸಿಕೊಡುವ ಕಡೆ ಇದು ತಿರುಗುಮುರುಗು: ಹೈಫನ್ ಸರಿ, ಅಂಡರ್‌ಸ್ಕೋರ್ ತಪ್ಪು. ಇವತ್ತು ಒಂದು ಕಡೆ ಹೈಫನ್ ಹಾಕಿಕೊಂಡವರು ನಾಳೆ ಇನ್ನೊಂದು ಕಡೆ ಬೇರೆ ಹೆಸರು ಹುಡುಕಬೇಕಾಗುತ್ತದೆ. ಬರೀ ಅಕ್ಷರಗಳಿಗೆ ಯಾವ ಬಾಗಿಲಲ್ಲೂ ಅಡ್ಡಿಯಿಲ್ಲ.

ಕನ್ನಡಿಗರಿಗೆ ಇಲ್ಲೊಂದು ಪ್ರತ್ಯೇಕ ತಾಪತ್ರಯವಿದೆ. ‘ತಾಳಮದ್ದಳೆ’ಯನ್ನು ಇಂಗ್ಲಿಷಿನಲ್ಲಿ ಬರೆಯಿರಿ ನೋಡೋಣ. ‘ತ’ಕ್ಕೆ ಬರೀ ಟಿ ಸಾಕೇ, ಟಿ-ಎಚ್ ಬೇಕೇ? ದೀರ್ಘಕ್ಕೆ ಒಂದು ಎ, ಅಥವಾ ಎರಡೇ? ‘ದ್ದ’ಕ್ಕೆ ಎರಡು ಡಿ ಸಾಕೇ, ಕೊನೆಗೊಂದು ಎಚ್ ಬೇಕೇ? ಮೂರು ಕಡೆ ಎರಡೆರಡು ದಾರಿ ಎಂದರೆ ಅಲ್ಲಿಗೇ ಎಂಟು ತಾಳಮದ್ದಳೆಗಳಾದವು. ಇವುಗಳಲ್ಲಿ ಶುದ್ಧ ಯಾವುದು ಎಂದು ಚರ್ಚೆಗೆ ಕೂರಬೇಡಿ, ಮಾತಿನಲ್ಲೇ ಪಾತ್ರ ಕಟ್ಟುವ ಅರ್ಥಧಾರಿಗಳಿರುವ ಕೂಟದಲ್ಲಿ ಅದು ಬೆಳಗಾದರೂ ಮುಗಿಯದು. ನಿಮ್ಮ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಕೂಟದ ಹೆಸರು ಹೇಗಿದೆಯೋ ಹಾಗೆ ಬರೆಯಿರಿ. ಆಮೇಲೆ ಊರಿನಲ್ಲಿರುವ ಚಿಕ್ಕಮ್ಮನಿಗೆ ಫೋನ್ ಮಾಡಿ ವಿಳಾಸವನ್ನು ಒಂದೇ ಸಲ ಹೇಳಿ. ಅವರು ಸರಿಯಾಗಿ ಬರೆದುಕೊಂಡರೆ ಗೆದ್ದಿರಿ. ‘ಏನು ಮಗಾ, ಇನ್ನೊಂದು ಸಲ ಹೇಳು’ ಎಂದರೆ ಹೆಸರನ್ನು ಇನ್ನಷ್ಟು ಚಿಕ್ಕದು ಮಾಡಿ.

ಕನ್ನಡ ಲಿಪಿಯಲ್ಲೇ ಇಟ್ಟರಾಗದೇ ಎಂದು ಕೇಳುವವರ ಅಭಿಮಾನ ನನಗೂ ಇದೆ. ಆದರೆ ಕನ್ನಡದ ವಿಳಾಸವನ್ನು ನಕಲು ಮಾಡಿ ವಾಟ್ಸಾಪಿಗೆ ಅಂಟಿಸಿದಾಗ ಬಹಳ ಸಲ ಅದು ಶೇಕಡಾ ಚಿಹ್ನೆಗಳ ರಾಶಿಯಾಗಿ ಬೀಳುತ್ತದೆ. ಒಳಗಿನ ಲೆಕ್ಕದಲ್ಲಿ ಒಂದೊಂದು ಕನ್ನಡ ಚಿಹ್ನೆಗೆ ಮೂರು ಬೈಟ್, ಒಂದೊಂದು ಬೈಟಿಗೆ ಮೂರು ಅಕ್ಷರ. ‘ತಾಳಮದ್ದಳೆ’ಯಲ್ಲಿ ಕಾಗುಣಿತ, ಒತ್ತು ಸೇರಿ 9 ಚಿಹ್ನೆಗಳಿವೆ, ಆದ್ದರಿಂದ 81 ಅಕ್ಷರಗಳ ಬಾಲ. ಅದನ್ನು ನೋಡಿದವರು ಯಾರೋ ಮೋಸಗಾರರ ಕೊಂಡಿ ಎಂದು ಅಳಿಸಿಹಾಕುತ್ತಾರೆ.

ಈಗ ಆ ‘ಅಂತೆ’ಗೆ ಬರೋಣ. ವಿಳಾಸದಲ್ಲಿ ಪದ ತುರುಕಿದರೆ ಗೂಗಲ್ ಮೇಲೆ ತರುತ್ತದೆ ಎನ್ನುವ ಈ ನಂಬಿಕೆ ಹುಟ್ಟಾ ಸುಳ್ಳೇನಲ್ಲ, ಹಳಸಿದ ನಿಜ. ಒಂದು ಕಾಲದಲ್ಲಿ ಜನ ಹುಡುಕುವ ಪದಗಳನ್ನೇ ಡೊಮೇನ್ (ತಾಣದ ಮೂಲ ವಿಳಾಸ) ಹೆಸರಾಗಿ ಕೊಂಡು, ಒಳಗೆ ಪೊಳ್ಳು ಪುಟ ಇಟ್ಟು ಮೇಲೆ ಕುಳಿತವರಿದ್ದರು. ಅಂಥವರನ್ನು ಇಳಿಸಲೆಂದೇ ಗೂಗಲ್ 2012ರ ಸೆಪ್ಟೆಂಬರಿನಲ್ಲಿ ತನ್ನ ಲೆಕ್ಕಾಚಾರವನ್ನು ತಿದ್ದಿತು. ಹೊಸಬರಿಗಾಗಿ ಗೂಗಲ್ ತಾನೇ ಬರೆದಿಟ್ಟಿರುವ ಕೈಪಿಡಿಯಲ್ಲಿ, ಡೊಮೇನಿನಲ್ಲಾಗಲಿ ವಿಳಾಸದ ಉಳಿದ ಭಾಗದಲ್ಲಾಗಲಿ ಇರುವ ಪದಗಳಿಂದ ಸ್ಥಾನಕ್ಕೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಗೂಗಲಿನ ಮಾತನ್ನು ಗೂಗಲೇ ಹೇಳಿದರೂ ನಂಬದೆ ಭಾವಮೈದನ ಮಾತನ್ನು ನಂಬುವವರಿಗೆ ನಾನೇನು ಹೇಳಲಿ?

ಇಲ್ಲ ಸಾರ್, ನಾನೇ ಪರೀಕ್ಷೆ ಮಾಡಿದೆ, ಮೊದಲು ಬಂತು ಎನ್ನುತ್ತಾರೆ. ಏನೆಂದು ಹುಡುಕಿದಿರಿ ಎಂದರೆ, ತಮ್ಮ ವಿಳಾಸವನ್ನೇ ಬರೆದು ಹುಡುಕಿರುತ್ತಾರೆ. ಅದೂ ದಿನಕ್ಕೆ ಹತ್ತು ಸಲ ಅದೇ ಪುಟ ತೆರೆಯುವ ತಮ್ಮದೇ ಫೋನಿನಲ್ಲಿ! ತಮ್ಮ ಮನೆಯ ಬಾಗಿಲನ್ನು ತಾವೇ ತಟ್ಟಿ, ತಾವೇ ತೆರೆದು, ನೆಂಟರು ಬಂದರು ಎಂದು ಸಂಭ್ರಮಿಸಿದ ಹಾಗೆ. ತಾಳಮದ್ದಳೆ ಕೇಳುವವನು ‘ಬೆಂಗಳೂರು ಉಚಿತ ಆನ್‌ಲೈನ್’ ಎಂದು ಯಾಕೆ ಹುಡುಕುತ್ತಾನೆ? ಅವನು ಹುಡುಕುವುದು ಪ್ರಸಂಗವನ್ನು, ಭಾಗವತರನ್ನು, ವಾಲಿಯ ಅರ್ಥ ಯಾರದು ಎಂಬುದನ್ನು. ಅವೆಲ್ಲ ಇರಬೇಕಾದ ಜಾಗ ಕಾರ್ಯಕ್ರಮದ ಶೀರ್ಷಿಕೆ ಮತ್ತು ವಿವರಣೆ. ಅಲ್ಲಿ ‘ಮಾಸಿಕ ಕಾರ್ಯಕ್ರಮ, ಎಲ್ಲರಿಗೂ ಸ್ವಾಗತ’ ಎಂದಷ್ಟೇ ಬರೆದು, ವಿಳಾಸದಲ್ಲಿ ಊರನ್ನೆಲ್ಲ ತುಂಬಿಸುತ್ತೀರಿ. ಶೀರ್ಷಿಕೆಯಲ್ಲಿ ‘ವಾಲಿಮೋಕ್ಷ’ ಎಂದು ಬರೆಯಿರಿ, ಹಿಮ್ಮೇಳ ಮುಮ್ಮೇಳದವರ ಹೆಸರುಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೊಡಿ. ಆ ಎಂಟು ಕಾಗುಣಿತಗಳಲ್ಲಿ ಎರಡು ಮೂರನ್ನು ಬೇಕಾದರೆ ಅಲ್ಲೇ ಸೇರಿಸಿ.

ನೀವು ಕಳುಹಿಸಿದ ನಾಲ್ಕು ಪದಗಳನ್ನು ಇಂಗ್ಲಿಷಿನಲ್ಲಿ ಜೋಡಿಸಿ ಎಣಿಸಿದೆ. 32 ಅಕ್ಷರ. ಯೂಟ್ಯೂಬ್ 30ಕ್ಕೇ ಬಾಗಿಲು ಹಾಕುತ್ತದೆ. ಸಾಲದ್ದಕ್ಕೆ ‘ಬೆಂಗಳೂರು’ ಮುಗಿಯುವಲ್ಲಿ ಒಂದು ಯು, ‘ಉಚಿತ’ ಶುರುವಾಗುವಲ್ಲಿ ಇನ್ನೊಂದು ಯು. ಪಕ್ಕಪಕ್ಕದ ಎರಡರಲ್ಲಿ ಒಂದನ್ನು ನುಂಗಿದವರು ಪುಟ ಸಿಗದೆ ವಾಪಸು ಹೋಗುತ್ತಾರೆ. ಮುಂದಿನ ವರ್ಷ ಸಭಾಂಗಣ ಹಿಡಿದು ಟಿಕೆಟ್ ಇಟ್ಟರೆ ‘ಉಚಿತ’ವೂ ಸುಳ್ಳು, ‘ಆನ್‌ಲೈನ್’ ಸಹ ಸುಳ್ಳು. ಆಗ ಬದಲಾಯಿಸಿದರಾಯಿತು ಎನ್ನಬೇಡಿ. ಯೂಟ್ಯೂಬಿನಲ್ಲಿ ಹ್ಯಾಂಡಲ್ (ವಿಳಾಸದಲ್ಲಿ ಬರುವ ಚಾನೆಲಿನ ಹೆಸರು) ಬದಲಿಸಿದರೆ ಹಳೆಯದನ್ನು 14 ದಿನ ನಿಮಗಾಗಿ ಕಾದಿಡುತ್ತಾರೆ, ಆಮೇಲೆ ಅದು ಯಾರ ಪಾಲಿಗಾದರೂ ಹೋಗಬಹುದು. ಆಮಂತ್ರಣದಲ್ಲಿ ಅಚ್ಚಾದ ಸಾಮಾನ್ಯ ಕ್ಯೂಆರ್ ಚಿತ್ರದೊಳಗೆ ಇರುವುದು ಹಳೆಯ ವಿಳಾಸವೇ.

ನೀವು ಕೇಳದ ಒಂದು ಪ್ರಶ್ನೆಯನ್ನು ನಾನೇ ಕೇಳುತ್ತೇನೆ: ಆ ಖಾತೆ ಯಾರ ಇಮೇಲಿನಲ್ಲಿದೆ? ಉತ್ತರ ನನಗೆ ಗೊತ್ತು. ಕಾರ್ಯದರ್ಶಿಯ ಮಗನದು. ಅವನಿಗೇ ಕಂಪ್ಯೂಟರ್ ಬರುವುದು. ಕೂಟದ ಹೆಸರಿನಲ್ಲೇ ಒಂದು ಇಮೇಲ್ ತೆರೆಯಿರಿ, ಪಾಸ್‌ವರ್ಡ್ ಇಬ್ಬರಿಗಾದರೂ ತಿಳಿದಿರಲಿ, ಒಟಿಪಿ ಬರುವ ಫೋನು ಊರಿನಲ್ಲಿರುವವರದಾಗಿರಲಿ. ನಾನೂ ಇದ್ದ ಒಂದು ಬಳಗದಲ್ಲಿ ವಿಳಾಸ ಚೆಂದವಿತ್ತು. ಹನ್ನೊಂದೇ ಅಕ್ಷರ, ಆರಿಸಿದ್ದು ನಾನೇ. ಶನಿವಾರ ಸಂಜೆ ಆರಕ್ಕೆ ಭಾಗವತರು ಜಾಗಟೆ ಹಿಡಿದು ಕುಳಿತಿದ್ದರು, ಪುಟ ಹೊಸದಾಗಿ ಲಾಗಿನ್ ಕೇಳಿತು. ಒಟಿಪಿ ಹೋದ ಫೋನಿನ ಹುಡುಗ ಕ್ಯಾಲಿಫೋರ್ನಿಯಾ ಸೇರಿ ಮೂರು ತಿಂಗಳಾಗಿತ್ತು. ಅಲ್ಲಿ ಆಗ ಬೆಳಗಿನ ಜಾವ. ಅವನು ಎದ್ದು ಆರಂಕಿ ಹೇಳುವಷ್ಟರಲ್ಲಿ ಇಲ್ಲಿ ಏಳು ಗಂಟೆ ಹೊಡೆದಿತ್ತು.